ತಂಬಾಕು ಬಳಕೆ ಶೇ 30ರಷ್ಟು ಇಳಿಸುವ ಗುರಿ: ಮುಟ್ಟಬಹುದೇ, ಎಲ್ಲಿ ಸಿಕ್ಕಿಕೊಂಡಿದೆ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಎನ್‌ಎಸ್‌ಎಸ್ ಅಧಿಕಾರಿ. ಪ್ರತಿ ವರ್ಷ ಮೇ 31ರಂದು ತಂಬಾಕು ವಿರೋಧಿ ಜಾಥಾ ಮಾಡುತ್ತೇವೆ. 2025ರೊಳಗೆ ತಂಬಾಕು ಬಳಕೆಯನ್ನು ಶೇ 30ರಷ್ಟು ಇಳಿಸುವುದಾಗಿ ಕೇಂದ್ರ ಸರ್ಕಾರ ಹೇಳಿತ್ತು. ಆ ವರ್ಷವೂ ಕಳೆಯಿತು. ಕಾಲೇಜಿನ ಎದುರಿನ ಗೂಡಂಗಡಿಯಲ್ಲಿ ಲೂಸ್ ಸಿಗರೇಟು ಮಾರುವುದು ಮಾತ್ರ ನಿಂತಿಲ್ಲ. ಇಂಥ ಗುರಿಗಳು ನಿಜಕ್ಕೂ ಮುಟ್ಟುವಂಥವೇ, ಇಲ್ಲ ಬರೀ ಕಾಗದದ ಮೇಲಿನ ಮಾತೇ? ನಮ್ಮಂಥವರು ಮಾಡಬಹುದಾದದ್ದು ಏನಿದೆ?

ಉತ್ತರ: ಮುಟ್ಟಬಹುದು. ಸಿಗರೇಟಿನ ಮಟ್ಟಿಗೆ ನಮ್ಮ ದೇಶ ಆ ಗುರಿಯ ಹೊಸ್ತಿಲಿಗೆ 2017ರಲ್ಲೇ ಬಂದು ನಿಂತಿತ್ತು. ಸಿಕ್ಕಿಕೊಂಡಿರುವುದು ಬೀಡಿಯ ಹತ್ತಿರ. ಹಾಗೆಯೇ, ಬಿಡಬೇಕು ಎಂದುಕೊಂಡವರಿಗೆ ಆ ಹೊತ್ತಿನಲ್ಲಿ ಸಿಗಬೇಕಾದ ನೆರವಿನ ಹತ್ತಿರ. ಜಾಥಾ, ಪೋಸ್ಟರು, ಶಾಲಾ ಭಾಷಣ ಇವೆಲ್ಲ ಹೊಸಬರು ಶುರು ಮಾಡದಂತೆ ತಡೆಯುವ ಕೆಲಸ. ಅದರ ಫಲವೂ ಕಾಣುತ್ತಿದೆ. ಆದರೆ ಹತ್ತು ವರ್ಷದೊಳಗಿನ ಗುರಿಯನ್ನು ಮುಟ್ಟಿಸುವುದು ಈಗಾಗಲೇ ಸೇದುತ್ತಿರುವ ನಲವತ್ತು, ಐವತ್ತು ವಯಸ್ಸಿನವರು ಬಿಡುವುದರಿಂದಲೇ.

ಮೊದಲು ಗುರಿ ಏನೆಂದು ಸರಿಯಾಗಿ ನೋಡೋಣ, ಏಕೆಂದರೆ ಇಲ್ಲೇ ಬಹಳ ಜನ ಎಡವುತ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿದ್ದು ತಂಬಾಕು ಬಳಕೆಯ ಪ್ರಮಾಣವನ್ನು 2020ಕ್ಕೆ ಶೇ 15ರಷ್ಟು, 2025ಕ್ಕೆ ಶೇ 30ರಷ್ಟು ಇಳಿಸಬೇಕೆಂದು. ಇದು ಇರುವುದರಲ್ಲಿ ಶೇ 30 ಕಳೆಯುವ ಲೆಕ್ಕ. 2009-10ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ, ಅಂದರೆ ಎಲ್ಲರೂ ಗ್ಯಾಟ್ಸ್ ಎಂದು ಕರೆಯುವ ಸಮೀಕ್ಷೆಯಲ್ಲಿ, 15 ವರ್ಷ ದಾಟಿದ ಭಾರತೀಯರ ಪೈಕಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದವರು ಶೇ 34.6. ಅದರಲ್ಲಿ ಶೇ 30 ಎಂದರೆ 10.4. ಅದನ್ನು ಆಧಾರವಾಗಿ ಇಟ್ಟುಕೊಂಡರೆ ಗುರಿ ಶೇ 24.2. 34.6ರಿಂದ 30 ಕಳೆದು ಶೇ 4.6 ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ತಪ್ಪು. ಆ ತಪ್ಪು ಲೆಕ್ಕ ಕೇಳಿದವರಿಗೆ ಗುರಿ ಹಗಲುಗನಸಿನಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಹೊಗೆ ಎಳೆಯುವವರನ್ನು ಮಾತ್ರ ತೆಗೆದುಕೊಂಡರೆ ಅಂದಿನ ಪ್ರಮಾಣ ಶೇ 14. ಅದರ ಗುರಿ ಶೇ 9.8.

ಏಳು ವರ್ಷದ ಬಳಿಕ, 2016-17ರಲ್ಲಿ, ಅದೇ ಸಮೀಕ್ಷೆಯ ಎರಡನೇ ಸುತ್ತು ನಡೆಯಿತು. ಒಟ್ಟು ಬಳಕೆ ಶೇ 28.6ಕ್ಕೆ ಇಳಿದಿತ್ತು, ಅಂದರೆ ಶೇ 17ರಷ್ಟು ಕಡಿತ. 2020ಕ್ಕೆಂದು ಇಟ್ಟ ಗುರಿಯನ್ನು ನೀತಿ ಹೊರಬಿದ್ದ ವರ್ಷವೇ ದಾಟಿಯಾಗಿತ್ತು. ಧೂಮಪಾನ ಶೇ 10.7ಕ್ಕೆ ಬಂದಿತ್ತು, ಸುಮಾರು ಶೇ 24ರ ಕಡಿತ. ಆ ಏಳು ವರ್ಷ ಒಟ್ಟು ಬಳಕೆ ವರ್ಷಕ್ಕೆ ಸರಾಸರಿ ಶೇ 2.7ರ ವೇಗದಲ್ಲಿ ಇಳಿದಿದೆ. ಅಲ್ಲಿಂದ 2025ರವರೆಗೆ ಗುರಿ ಮುಟ್ಟಲು ಬೇಕಿದ್ದ ವೇಗ ವರ್ಷಕ್ಕೆ ಶೇ 2.1. ಹಾಗಾಗಿ ಲೆಕ್ಕದ ಮಟ್ಟಿಗೆ ಈ ಗುರಿ ಅತಿಯಾಸೆಯದ್ದಲ್ಲ. ಹಳೆಯ ವೇಗ ಕಾಯ್ದುಕೊಂಡರೂ ಸಾಕಿತ್ತು. ಕರ್ನಾಟಕದಲ್ಲೂ ಇದೇ ಚಿತ್ರ: ಒಟ್ಟು ಬಳಕೆ ಶೇ 28.2ರಿಂದ 22.8ಕ್ಕೆ, ಧೂಮಪಾನ ಶೇ 11.9ರಿಂದ 8.8ಕ್ಕೆ.

ಹಾಗಾದರೆ ನಿಮ್ಮ ಗೇಟಿನ ಎದುರು ಏನೂ ಬದಲಾದಂತೆ ಕಾಣದಿರುವುದೇಕೆ? ಶೇಕಡಾವಾರು ಇಳಿದಷ್ಟು ತಲೆಲೆಕ್ಕ ಇಳಿದಿಲ್ಲ. 2009-10ರಲ್ಲಿ ದೇಶದಲ್ಲಿ ತಂಬಾಕು ಬಳಸುತ್ತಿದ್ದವರು 27.49 ಕೋಟಿ. 2016-17ರಲ್ಲಿ 26.68 ಕೋಟಿ. ಜನಸಂಖ್ಯೆ ಬೆಳೆದದ್ದರಿಂದ ಕಡಿಮೆಯಾದ ತಲೆಗಳು 81 ಲಕ್ಷ ಮಾತ್ರ. ಅಂಗಡಿಯವನಿಗೆ ಬರುವ ಗಿರಾಕಿಗಳು ಹೆಚ್ಚು ಕಡಿಮೆ ಅಷ್ಟೇ. ನೀವು ಕಣ್ಣಾರೆ ಕಂಡದ್ದೂ ನಿಜ, ಸಮೀಕ್ಷೆಯ ಇಳಿಕೆಯೂ ನಿಜ.

ಇಲ್ಲಿ ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಸಮೀಕ್ಷೆಯ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ‘ಇಳಿಯಿತು, ಏರಿತು’ ಎನ್ನಬೇಡಿ. ಗ್ಯಾಟ್ಸ್ ಎರಡನೇ ಸುತ್ತಿನಲ್ಲಿ ಗಂಡಸರ ಬಳಕೆ ಶೇ 42.4, ಹೆಂಗಸರದು ಶೇ 14.2. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡಸರದು ಶೇ 38, ಹೆಂಗಸರದು ಶೇ 8.9. ನಾಲ್ಕೇ ವರ್ಷದಲ್ಲಿ ಹೆಂಗಸರ ಬಳಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯುವುದು ನಂಬುವ ಮಾತಲ್ಲ. ಕೇಳಿದ ಪ್ರಶ್ನೆ ಬೇರೆ, ಕೇಳಿದ ರೀತಿ ಬೇರೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಯನ್ನು ‘ನೀವು ತಂಬಾಕು ಬಳಸುತ್ತೀರಾ’ ಎಂದು ಕೇಳಿದರೆ ‘ಇಲ್ಲಪ್ಪ’ ಅನ್ನಬಹುದು. ಕಡ್ಡಿಪುಡಿ, ನಶ್ಯ, ಹೊಗೆಸೊಪ್ಪು ಎಂದು ಒಂದೊಂದಾಗಿ ಹೆಸರು ಹಿಡಿದು ಕೇಳಿದರೆ ಹೌದೆನ್ನುತ್ತಾರೆ. ಗುರಿ ಮುಟ್ಟಿದೆವು ಎಂದು ಯಾರಾದರೂ ಹೇಳಿದಾಗ ಮೂರು ವಿಷಯ ಕೇಳಿ. ಯಾವ ವರ್ಷಕ್ಕೆ ಹೋಲಿಸಿ? ಅದೇ ಸಮೀಕ್ಷೆಯಲ್ಲಿ ಅಳೆದದ್ದೇ? ಹೊಗೆಯ ತಂಬಾಕೊಂದೇ, ಅಗಿಯುವುದೂ ಸೇರಿದೆಯೇ?

ಈಗ ಇಳಿಕೆ ಎಲ್ಲಿಂದ ಬಂತೆಂದು ನೋಡೋಣ. 15ರಿಂದ 17 ವಯಸ್ಸಿನವರಲ್ಲಿ ತಂಬಾಕು ಬಳಕೆ ಶೇ 9.6ರಿಂದ 4.4ಕ್ಕೆ, ಅರ್ಧಕ್ಕಿಂತ ಕೆಳಗೆ ಇಳಿಯಿತು. ಶಾಲಾ ಕಾಲೇಜುಗಳಲ್ಲಿ ಕೆಲಸ ಮಾಡಿದವರಿಗೆ ಇದು ದೊಡ್ಡ ಸಮಾಧಾನ. ಆದರೆ ಕೆರೆಗೆ ನೀರು ತರುವ ಹಳ್ಳ ಬತ್ತಿದ ಮಾತ್ರಕ್ಕೆ ಕೆರೆ ಬರಿದಾಗುವುದಿಲ್ಲ. ಇವತ್ತು 45 ವರ್ಷದ ಬೀಡಿ ಸೇದುವವರು ಬಿಡದಿದ್ದರೆ ಇನ್ನೂ ಇಪ್ಪತ್ತು ವರ್ಷ ಲೆಕ್ಕದಲ್ಲೇ ಇರುತ್ತಾರೆ, ಇಲ್ಲವೇ ಸಾವಿನ ಮೂಲಕ ಲೆಕ್ಕದಿಂದ ಹೊರಗೆ ಹೋಗುತ್ತಾರೆ. ಹೊಸಬರನ್ನು ತಡೆದದ್ದರ ಪೂರ್ತಿ ಫಲ ಸರಾಸರಿಯಲ್ಲಿ ಕಾಣಲು ಒಂದು ತಲೆಮಾರು ಬೇಕು.

ಕೆರೆಯ ತೂಬು ಎಂದರೆ ಬಿಡುವವರು. 2016-17ರಲ್ಲಿ ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನಿಸಿದ್ದೇವೆ ಎಂದ ಧೂಮಪಾನಿಗಳು ಶೇ 38. ಬಿಡುವ ಯೋಚನೆ ಇದೆ ಎಂದವರು ಶೇ 55. ಅಂದರೆ ಮನಸ್ಸಿಗೆ ಬರವಿಲ್ಲ. ಆದರೆ ಯಾವ ನೆರವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ವರ್ಷದ ಕೊನೆಗೂ ಬಿಟ್ಟೇ ಇರುವವರು ಮೂರರಿಂದ ಐದು ಮಂದಿ. ನೂರು ಸೇದುವವರಲ್ಲಿ 38 ಜನ ಪ್ರಯತ್ನಿಸಿ, ನೂರಕ್ಕೆ ನಾಲ್ವರಂತೆ ಗೆದ್ದರೆ ಸಿಗುವುದು ಒಬ್ಬರೂವರೆ. ಅದೇ 38 ಜನರಿಗೆ ಸಲಹೆ, ಔಷಧಿ, ವಿಚಾರಿಸುವ ಒಂದು ಫೋನು ಸಿಕ್ಕಿ ಗೆಲುವು ನೂರಕ್ಕೆ ಹತ್ತಾದರೆ ಸುಮಾರು ನಾಲ್ವರು. ವರ್ಷಕ್ಕೆ ಬೇಕಾದ ಇಳಿಕೆ ಶೇ 2.1 ಎಂಬುದನ್ನು ನೆನಪಿಟ್ಟು ಈ ಎರಡು ಸಂಖ್ಯೆಗಳನ್ನು ನೋಡಿ. ಗುರಿ ಕೈಗೆ ಸಿಗುವುದೂ ತಪ್ಪುವುದೂ ಈ ಒಂದೂವರೆಗೂ ನಾಲ್ಕಕ್ಕೂ ನಡುವೆ.

ಬೀಡಿಯ ವಿಷಯಕ್ಕೆ ಬರುತ್ತೇವೆ. ಎರಡು ಸುತ್ತುಗಳ ನಡುವೆ ಸಿಗರೇಟು ಸೇದುವವರು ಶೇ 5.7ರಿಂದ 4ಕ್ಕೆ ಇಳಿದರು, ಅಂದರೆ ಏಳೇ ವರ್ಷದಲ್ಲಿ ಶೇ 30ರ ಕಡಿತ. ಬೀಡಿ ಸೇದುವವರು ಶೇ 9.2ರಿಂದ 7.7ಕ್ಕೆ, ಅಂದರೆ ಶೇ 16 ಮಾತ್ರ. ಭಾರತದ ಧೂಮಪಾನವೆಂದರೆ ಮೊದಲು ಬೀಡಿ. ಒಂದು ಬೀಡಿಯಲ್ಲಿ ತಂಬಾಕು ಸುಮಾರು ಕಾಲು ಗ್ರಾಮಿನೊಳಗೆ, ಸಿಗರೇಟಿಗಿಂತ ತುಂಬಾ ಕಡಿಮೆ. ಆದರೆ ಸುತ್ತಿದ ಎಲೆ ಬೇಗ ಆರುತ್ತದೆ. ಆರದಂತೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗಾಗಿ ಟಾರು, ಕಾರ್ಬನ್ ಮಾನಾಕ್ಸೈಡು ಎದೆಗೆ ಇಳಿಯುವುದು ಸಿಗರೇಟಿಗಿಂತ ಕಡಿಮೆಯೇನಲ್ಲ, ಹೆಚ್ಚೇ. ‘ಎಲೆಯದ್ದಲ್ವಾ, ಅಷ್ಟೇನೂ ಕೆಟ್ಟದ್ದಲ್ಲ’ ಎಂಬ ನಂಬಿಕೆಗೆ ಆಧಾರವಿಲ್ಲ.

ಬೀಡಿಯನ್ನು ಉಳಿಸಿರುವುದು ಅದರ ಬೆಲೆ. ತಂಬಾಕಿನ ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಶೇ 75 ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಜಿಎಸ್‌ಟಿ ಬಂದ 2017ರಿಂದ ಬೀಡಿಗೆ ಶೇ 28 ತೆರಿಗೆ ಇತ್ತು, ಸಿಗರೇಟಿನಂತೆ ಜಿಎಸ್‌ಟಿಯ ಮೇಲೆ ಹಾಕುವ ಪರಿಹಾರ ಸೆಸ್ ಇರಲಿಲ್ಲ. ಶೇ 28 ತೆರಿಗೆ ಎಂದರೆ ನೂರು ರೂಪಾಯಿಯ ಬೀಡಿಯಲ್ಲಿ ಸರ್ಕಾರಕ್ಕೆ ಸಲ್ಲುವುದು ಸುಮಾರು 22 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ದರವನ್ನು ಶೇ 18ಕ್ಕೆ ಇಳಿಸಲು ತೀರ್ಮಾನಿಸಿತು. ಅಂದರೆ ನೂರಕ್ಕೆ 15 ರೂಪಾಯಿ. ಸಿಗರೇಟಿಗೆ 2026ರ ಫೆಬ್ರುವರಿ 1ರಿಂದ ಶೇ 40 ಜಿಎಸ್‌ಟಿ, ಅದರ ಮೇಲೆ ಉದ್ದಕ್ಕೆ ತಕ್ಕಂತೆ ಸಾವಿರ ಸಿಗರೇಟಿಗೆ 2,050ರಿಂದ 8,500 ರೂಪಾಯಿ ಅಬಕಾರಿ ಸುಂಕ. ಸಿಗರೇಟಿನ ಮೇಲಿನ ಏರಿಕೆ ಸ್ವಾಗತಾರ್ಹ. ಅದಕ್ಕೆ ಮುಂಚಿನ ಎಂಟು ವರ್ಷ, ಸಣ್ಣಪುಟ್ಟ ಬದಲಾವಣೆ ಬಿಟ್ಟರೆ, ತೆರಿಗೆ ಕದಲದೆ ಜನರ ಆದಾಯ ಮಾತ್ರ ಏರಿ ಸಿಗರೇಟು ಕೈಗೆಟುಕುವಂತಾಗಿತ್ತು. ಆದರೆ ಒಂದನ್ನು ತುಟ್ಟಿ ಮಾಡಿ ಪಕ್ಕದ್ದನ್ನು ಅಗ್ಗ ಮಾಡಿದರೆ ಸೇದುವವರು ಅತ್ತ ಸರಿಯುತ್ತಾರೆ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ಬಳಕೆ ಶೇ 5ರ ಆಸುಪಾಸಿನಲ್ಲಿ ಇಳಿಯುತ್ತದೆ ಎನ್ನುವುದು ಸಾಮಾನ್ಯ ಅಂದಾಜು. ಆ ಲಾಭ ಪೂರ್ತಿ ಸಿಗುವುದು ಎಲ್ಲ ಬಗೆಯ ತಂಬಾಕೂ ಒಟ್ಟಿಗೆ ತುಟ್ಟಿಯಾದಾಗ. ನಮ್ಮ ಅಭಿಪ್ರಾಯದಲ್ಲಿ ಬೀಡಿಯ ತೆರಿಗೆ ಇಳಿಸಿದ್ದು ಆರೋಗ್ಯ ನೀತಿಯ ಗುರಿಗೆ ನೇರವಾಗಿ ಅಡ್ಡ ಬರುವ ನಿರ್ಧಾರ.

ಬೀಡಿ ಕಟ್ಟುವವರ ಹೊಟ್ಟೆಪಾಡು ಉಳಿಸಬೇಕು ಎಂಬ ಅದರ ಹಿಂದಿನ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು, ಮಗಳ ಮದುವೆ ನಡೆದದ್ದು ಮೊರದಲ್ಲಿ ಎಲೆ ಇಟ್ಟುಕೊಂಡು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟಿದ ಹೆಂಗಸರ ದುಡಿಮೆಯಿಂದ. ಆದರೆ ಕಟ್ಟುವವರಿಗೆ ಸಿಗುವ ಕೂಲಿ ತೆರಿಗೆ ಇಳಿದ ಮಾತ್ರಕ್ಕೆ ಏರುವುದಿಲ್ಲ. ಅವರಿಗೆ ಬೇಕಿರುವುದು ಭವಿಷ್ಯ ನಿಧಿ, ಬೇರೆ ಕೆಲಸದ ತರಬೇತಿ, ಅದು ಕೈಗೆ ಹತ್ತುವವರೆಗಿನ ಆಸರೆ. ಬೀಡಿ ತೆರಿಗೆಯಿಂದ ಬರುವ ಹಣದ ಒಂದು ಭಾಗವನ್ನು ಇದಕ್ಕೇ ಎತ್ತಿಡಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಬೆಳೆಗಾರರ ಸ್ಥಿತಿ ಬೇರೆ. ಅವರು ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಗೂಡಿನಲ್ಲಿ, ಬೇಯಿಸಿ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ತರುವ ಸೊಪ್ಪಿನಲ್ಲಿ ದೊಡ್ಡ ಪಾಲು ರಫ್ತಾಗುತ್ತದೆ. ಇಲ್ಲಿನವರು ಬೀಡಿ ಬಿಟ್ಟ ತಕ್ಷಣ ಆ ರೈತರ ಬೆಲೆ ಬೀಳುತ್ತದೆ ಎನ್ನುವುದು ಸರಿಯಲ್ಲ.

ಇನ್ನು ಲೂಸ್ ಮಾರಾಟ. ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ಚಿತ್ರ ಎಚ್ಚರಿಕೆ 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತ್ತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟದ್ದರಿಂದ ಚಿತ್ರ ಉಳಿಯಿತು. ಈ ಚಿತ್ರ ಕೆಲಸ ಮಾಡುತ್ತದೆ: ಅದನ್ನು ನೋಡಿ ಬಿಡುವ ಯೋಚನೆ ಬಂತು ಎಂದು ಗ್ಯಾಟ್ಸ್‌ನಲ್ಲಿ ಹೇಳಿದ ಸಿಗರೇಟು ಸೇದುವವರು ಶೇ 62. ಆದರೆ ಡಬ್ಬಿಯಿಂದ ಒಂದನ್ನು ತೆಗೆದುಕೊಟ್ಟು, ಕಂಬಕ್ಕೆ ನೇತು ಹಾಕಿದ ಲೈಟರ್ ತೋರಿಸಿದರೆ ಆ ಹುಡುಗನ ಕೈಗೆ ಚಿತ್ರವೂ ಇಲ್ಲ, ಪೂರ್ತಿ ಪ್ಯಾಕಿನ ಬೆಲೆಯೂ ಇಲ್ಲ. ತೆರಿಗೆ, ಎಚ್ಚರಿಕೆ ಎರಡನ್ನೂ ಒಂದೇ ಏಟಿಗೆ ಹಾಳು ಮಾಡುವುದು ಈ ಲೂಸ್ ಮಾರಾಟ. ಕರ್ನಾಟಕ 2025ರ ಮೇ ಕೊನೆಯಲ್ಲಿ ತಂಬಾಕು ಮಾರಾಟ, ಬಳಕೆ ನಿಯಂತ್ರಿಸುವ ಕೋಟ್ಪಾ ಕಾಯ್ದೆಯ ತಿದ್ದುಪಡಿಯನ್ನು ಜಾರಿಗೆ ತಂದಿತು. ಬಿಡಿಬಿಡಿಯಾಗಿ ಮಾರುವಂತಿಲ್ಲ. 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಶಿಕ್ಷಣ ಸಂಸ್ಥೆಯ 100 ಮೀಟರ್ ಒಳಗೆ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ. ಹುಕ್ಕಾ ಬಾರ್‌ ನಡೆಸಿದರೆ ಜೈಲು. ಕಾನೂನಿನಲ್ಲಿ ಕೊರತೆಯಿಲ್ಲ, ನೀವು ಹೇಳಿದ ಗೂಡಂಗಡಿ ಇದರಲ್ಲಿ ಮೂರು ಕಡೆ ಸಿಕ್ಕಿಬೀಳುತ್ತದೆ.

ಗಡುವು ತಪ್ಪಿದರೆ ಗುರಿಯೇ ಸುಳ್ಳು ಎನ್ನಬಾರದು. ಅಮೆರಿಕ 2010ಕ್ಕೆ ವಯಸ್ಕರ ಸಿಗರೇಟು ಸೇವನೆಯನ್ನು ಶೇ 12ಕ್ಕೆ ಇಳಿಸುವ ಗುರಿ ಇಟ್ಟಿತ್ತು. ಆ ವರ್ಷ ಇದ್ದದ್ದು ಶೇ 19.3. ಅದೇ 12ನ್ನು 2020ರ ಗುರಿಯಾಗಿ ಮತ್ತೆ ಬರೆದುಕೊಂಡರು. 2022ರ ಹೊತ್ತಿಗೆ ಶೇ 11.6 ಆಗಿತ್ತು. ಹತ್ತು ವರ್ಷಕ್ಕಿಂತ ಹೆಚ್ಚು ತಡವಾದರೂ ತಲುಪಿದರು. ನ್ಯೂಜಿಲೆಂಡ್ 2025ಕ್ಕೆ ಶೇ 5ಕ್ಕಿಂತ ಕೆಳಗೆ ಎಂದು ಹೊರಟು ಸರಾಸರಿಯಲ್ಲಿ ಗುರಿಯ ಹತ್ತಿರ ಬಂದಿದೆ, ಆದರೆ ಅಲ್ಲಿನ ಮೂಲನಿವಾಸಿ ಮಾವೊರಿ ಜನರಲ್ಲಿ ಪ್ರಮಾಣ ಸರಾಸರಿಯ ಎರಡು ಪಟ್ಟು. ನಮ್ಮಲ್ಲೂ ಇದೇ ಆಗುತ್ತದೆ. ಬೆಂಗಳೂರಿನ ಕಚೇರಿ ನೌಕರರು ಬಿಟ್ಟು ಸರಾಸರಿ ಇಳಿಯಬಹುದು, ಕಟ್ಟಡ ಕೆಲಸದವರ ಬೀಡಿ ಕಟ್ಟು ಹಾಗೇ ಉಳಿಯಬಹುದು.

ಬಿಡಿಸುವ ನೆರವು ಎಲ್ಲಿ ಸಿಗಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಕ್ಕರೆ ಕಾಯಿಲೆ, ಬಿಪಿ, ಕ್ಷಯದ ಸಾಲಿನಲ್ಲಿ ಕೂತವರಿಗೆ. ಆಶಾ ಕಾರ್ಯಕರ್ತೆಯರು 30 ದಾಟಿದ ಪ್ರತಿಯೊಬ್ಬರಿಗೂ ತುಂಬುವ ನಮೂನೆಯಲ್ಲಿ ತಂಬಾಕಿನ ಪ್ರಶ್ನೆ ಇದೆ. ಅಂಕ ಹಾಕುತ್ತಾರೆ, ಹಾಳೆ ಕಡತ ಸೇರುತ್ತದೆ. ಆ ಅಂಕದ ಮುಂದಿನ ಹೆಜ್ಜೆಯೇ ಬಹುಪಾಲು ಕಡೆ ಇಲ್ಲ. ವೈದ್ಯರು ಬಳಕೆ ಕೇಳಿ, ‘ಬಿಡಿ’ ಎಂದು ಸ್ಪಷ್ಟವಾಗಿ ಹೇಳಿ, ತಯಾರಿದ್ದಾರಾ ನೋಡಿ, ದಿನ ಗೊತ್ತು ಮಾಡಿ, ಮತ್ತೆ ಬರಹೇಳಿದರೆ ಒಟ್ಟು ಹಿಡಿಯುವುದು ಐದು ನಿಮಿಷ. 2016-17ರಲ್ಲಿ ವೈದ್ಯರ ಬಳಿ ಹೋದ ಧೂಮಪಾನಿಗಳಲ್ಲಿ ‘ಬಿಡಿ’ ಎಂಬ ಮಾತನ್ನು ಕೇಳಿಸಿಕೊಂಡವರು ಶೇ 49. ಅರ್ಧದಷ್ಟು ಜನರಿಗೆ ಆ ಒಂದು ಮಾತೂ ಸಿಗಲಿಲ್ಲ.

ನಿಕೋಟಿನ್ ಗಮ್ 2022ರಿಂದ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೆ ‘ತಗೊಂಡೆ, ಪ್ರಯೋಜನ ಆಗಲಿಲ್ಲ’ ಎನ್ನುವವರೇ ಹೆಚ್ಚು, ಏಕೆಂದರೆ ಬಳಸುವ ರೀತಿಯನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ, ಆಮೇಲೆ ಹಚ್ಚುವವರಿಗೆ 2 ಮಿಲಿಗ್ರಾಂ. ಇದು ಚೂಯಿಂಗ್ ಗಮ್ ಥರ ಸತತ ಅಗಿಯುವ ವಸ್ತುವಲ್ಲ. ನಿಧಾನವಾಗಿ ಕೆಲವು ಸಲ ಕಚ್ಚಬೇಕು. ಮೆಣಸಿನಂತೆ ಚುರುಕು ಹತ್ತಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಬೇಕು. ಚುರುಕು ಇಳಿದ ಮೇಲೆ ಮತ್ತೆ ಕಚ್ಚಿ, ಜಾಗ ಬದಲಿಸಿ ಇಡಬೇಕು. ಹೀಗೆ ಅರ್ಧ ಗಂಟೆ. ಒಂದೇ ಸಮನೆ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಎದೆ ಉರಿ, ವಾಕರಿಕೆ ಬರುತ್ತದೆ, ಚಟದ ಎಳೆತ ಮಾತ್ರ ಹಾಗೇ ಇರುತ್ತದೆ. ಗಮ್ ಹಾಕುವ ಮುಂಚಿನ ಕಾಲು ಗಂಟೆ ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಟೀ, ಜ್ಯೂಸು ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಒಸಡಿನಿಂದ ಒಳಗೆ ಹೋಗುವುದಿಲ್ಲ. ಎರಡನೇ ತಪ್ಪು, ದಿನಕ್ಕೆ ಎರಡೋ ಮೂರೋ ತಿಂದು ಸುಮ್ಮನಾಗುವುದು. ಮೊದಲ ಆರು ವಾರ ಎಚ್ಚರವಿರುವ ಹೊತ್ತಿನಲ್ಲಿ ಗಂಟೆ, ಎರಡು ಗಂಟೆಗೊಂದು ಬೇಕು. ಆಮೇಲೆ ನಿಧಾನಕ್ಕೆ ಕಡಿಮೆ ಮಾಡುತ್ತಾ ಹನ್ನೆರಡು ವಾರಕ್ಕೆ ನಿಲ್ಲಿಸಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಇನ್ನೊಂದು ಅಪಾಯ: ಬೀಡಿ ಬಿಟ್ಟವರು ‘ಹೊಗೆ ಇಲ್ಲವಲ್ಲ’ ಎಂದು ಕಡ್ಡಿಪುಡಿಗೋ ಪಾನ್ ಮಸಾಲಾದ ಜೊತೆಗಿನ ತಂಬಾಕು ಪೊಟ್ಟಣಕ್ಕೋ ಹೊರಳುವುದು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಮಸಾಲೆ, ತಂಬಾಕು ಎರಡು ಬೇರೆ ಬೇರೆ ಪೊಟ್ಟಣಗಳಾಗಿ ಅಕ್ಕಪಕ್ಕ ನೇತಾಡುತ್ತಿವೆ. ಧೂಮಪಾನದ ಅಂಕಿ ಇಳಿದು ಬಾಯಿ ಕ್ಯಾನ್ಸರ್ ವಾರ್ಡು ತುಂಬಿದರೆ ಅದನ್ನು ಸಾಧನೆ ಎನ್ನಲಾಗದು.

ಇನ್ನು ನೀವು ಮಾಡಬಹುದಾದದ್ದು. ಮೇ 31ರ ಜಾಥಾ ಮಾಡಿ, ಆದರೆ ಅದಕ್ಕೆ ಮುಂಚೆ ಕಾಂಪೌಂಡಿನ ಹೊರ ಅಂಚಿನಿಂದ ಟೇಪು ಹಿಡಿದು ಎಲ್ಲ ದಿಕ್ಕಿಗೂ 100 ಮೀಟರ್ ಅಳೆಯಿರಿ. ಗೇಟಿನಿಂದ ರಸ್ತೆಯ ಉದ್ದಕ್ಕೆ ಅಳೆಯುವುದು ಸಾಮಾನ್ಯ ತಪ್ಪು, ಹಿಂಬದಿಯ ಓಣಿಯ ಅಂಗಡಿಗಳು ಅದರಿಂದ ತಪ್ಪಿಸಿಕೊಳ್ಳುತ್ತವೆ. ಆ ಅಳತೆಗೆ ಹಳದಿ ಗೆರೆ ಎಳೆಸಿ. ಒಳಗೆ ಬರುವ ಅಂಗಡಿಗಳ ಪಟ್ಟಿ ಮಾಡಿ, ಲೂಸ್ ಮಾರಾಟ ಇದೆಯೇ, ನೇತು ಹಾಕಿದ ಲೈಟರ್ ಇದೆಯೇ, 21 ವರ್ಷದೊಳಗಿನವರಿಗೆ ಮಾರುವುದಿಲ್ಲ ಎಂಬ ಫಲಕ ಇದೆಯೇ ಎಂದು ಗುರುತಿಸಿ, ದಿನಾಂಕ ಹಾಕಿ, ಪ್ರಾಂಶುಪಾಲರ ಪತ್ರದೊಂದಿಗೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಠಾಣೆಗೂ ಕೊಡಿ. ಮೂರು ತಿಂಗಳಿಗೆ ಅದೇ ಪಟ್ಟಿಯನ್ನು ಮತ್ತೆ ತುಂಬಿ. ದಾಳಿಯಾದ ವಾರ ಅಂಗಡಿ ಶುದ್ಧವಾಗಿರುತ್ತದೆ, ತಿಂಗಳಾದ ಮೇಲೆ ಡಬ್ಬಿ ಕೌಂಟರಿನ ಕೆಳಗಿನಿಂದ ಮೇಲೆ ಬರುತ್ತದೆ. ಎರಡನೇ ಪತ್ರಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಬೆಲೆ. ಕಾಲೇಜಿನ ಆವರಣದೊಳಗೆ ಸೇದಿದವರಿಗೆ ದಂಡ ಹಾಕುವ ಅಧಿಕಾರ ಪ್ರಾಂಶುಪಾಲರಿಗೇ ಇದೆ, ರಸೀದಿ ಪುಸ್ತಕವನ್ನು ಕೋಶದಿಂದ ಕೇಳಿ ಪಡೆಯಿರಿ.

ಅದರ ಜೊತೆಗೆ ಸ್ವಯಂಸೇವಕರಿಗೆ ಇನ್ನೊಂದು ಕೆಲಸ ಕೊಡಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವ ಅಪ್ಪ, ಮಾವ, ಅಣ್ಣ ಯಾರಾದರೂ ಒಬ್ಬರಿಗೆ ಬಿಡುವ ದಿನ ಗೊತ್ತು ಮಾಡಿಸಲಿ. ಎರಡು ವಾರದೊಳಗಿನ ದಿನವಾದರೆ ಒಳ್ಳೆಯದು, ಹಬ್ಬ ಜಾತ್ರೆಯ ದಿನ ಬೇಡ. 1800-112-356 ಶುಲ್ಕವಿಲ್ಲದ ರಾಷ್ಟ್ರೀಯ ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಇದರಲ್ಲಿ ಭಾಗಿ. ಬಿಟ್ಟ ಮೊದಲ ವಾರವೇ ಅತಿ ಕಷ್ಟದ್ದು: ಸಿಡುಕು, ನಿದ್ದೆಗೇಡು, ಮಲಬದ್ಧತೆ, ಊಟದ ನಂತರ ತಡೆಯಲಾಗದ ಎಳೆತ. ಒಂದೊಂದು ಎಳೆತ ಇರುವುದು ಐದಾರು ನಿಮಿಷ. ಆ ಐದು ನಿಮಿಷಕ್ಕೆ ಕೈಗೊಂದು ಕೆಲಸ, ಬಾಯಿಗೆ ಒಂದು ಚೂರು ಶುಂಠಿಯೋ ಲವಂಗವೋ ಇರಲಿ. ಎರಡನೇ ದಿನ, ಏಳನೇ ದಿನ, ಹದಿನೈದನೇ ದಿನ, ತಿಂಗಳು ತುಂಬಿದ ದಿನ ವಿದ್ಯಾರ್ಥಿ ಕೂತು ವಿಚಾರಿಸಿ ಬರೆದುಕೊಳ್ಳಲಿ. ನಡುವೆ ಒಂದು ಬೀಡಿ ಸೇದಿಬಿಟ್ಟರೆ ಬೈಯದೆ, ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿದ್ದಾಗ ಎಂದು ಕೇಳಿ ಮರುದಿನದಿಂದ ಮತ್ತೆ ಎಣಿಕೆ ಶುರು ಮಾಡಲಿ. ಆರು ತಿಂಗಳಿಗೆ ಎಷ್ಟು ಮಂದಿ ಬಿಟ್ಟೇ ಇದ್ದಾರೆ ಎಂಬ ಸಂಖ್ಯೆಯನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ಜಾಥಾದ ಫೋಟೊ ಪಕ್ಕದಲ್ಲೇ ಬರೆಯಿರಿ. ನೂರು ಜನ ಪ್ರಯತ್ನಿಸಿ ಹತ್ತು ಮಂದಿ ಉಳಿದಿದ್ದರೂ ನಿಮ್ಮ ಕಾಲೇಜು ದೇಶದ ಗುರಿಗೆ ಬೇಕಾದ ವೇಗಕ್ಕಿಂತ ಮುಂದಿದೆ.